ಹದಿನೇಳನೇ ಮುಖ

ನನ್ನ ಜೊತೆ ಕೆಲಸ ಮಾಡುವ ಅಕ್ಕನಿಗೆ ಕಲ್ಲಮ್ಮ ಎಂದು ಅಡ್ಡಹೆಸರಿಟ್ಟವಳು ನಾನೇ. ಹನ್ನೆರಡು ವರ್ಷ ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಸೊಂಟ ಹಿಡಿಸಿಕೊಂಡವಳು, ಅಷ್ಟು ಸಲಿಗೆಯೂ ಬೇಡವೇ? ನಮ್ಮದು ಆಸ್ಪತ್ರೆಯ ನೆಲಮಾಳಿಗೆ. ಕಿಟಕಿಯಿಲ್ಲ. ಗಾಜಿನ ಆಚೆ ತಲೆ ಸ್ಕ್ಯಾನ್ ಮಾಡುವ ಯಂತ್ರ, ಈಚೆ ನಾವಿಬ್ಬರು. ಅವಳು ಯಂತ್ರ ನಡೆಸುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ದಿನವಿಡೀ ಅದರ ಡಬಡಬ ಕೇಳಿ ಮನೆಗೆ ಹೋದರೆ, ಊಟದ ತಟ್ಟೆಯ ಮುಂದೂ ಕಿವಿಯಲ್ಲಿ ಅದೇ ಸದ್ದು.

ಈ ಕೆಲಸಕ್ಕೊಂದು ನಿಯಮವಿದೆ. ಪರದೆಯ ಮೇಲೆ ಏನೇ ಕಾಣಲಿ, ಮುಖದ ಮೇಲೆ ಕಾಣಬಾರದು. ಯಂತ್ರದಿಂದ ಇಳಿದವರು ಮೊದಲು ನೋಡುವುದು ನಮ್ಮ ಮುಖವನ್ನೇ. ಹುಬ್ಬು ಒಂದಿಷ್ಟು ಅಲುಗಿದರೂ ಸಾಕು, ಏನೋ ಕಾದಿದೆ ಎಂದು ಅಲ್ಲೇ ಕುಸಿಯುತ್ತಾರೆ. ಅಕ್ಕನದು ಎಲ್ಲರಿಗೂ ಒಂದೇ ಮುಖ, ಒಂದೇ ಮಾತು: "ಡಾಕ್ಟರ್ ಹೇಳ್ತಾರೆ." ನನಗೆ ಅದು ಒಗ್ಗಲಿಲ್ಲ. ಅದಕ್ಕೇ ನನ್ನನ್ನು ಬರೆಯಲು ಕೂರಿಸಿದ್ದಾರೆ.

ಎರಡು ವರ್ಷದ ಹಿಂದೆ ಅವಳ ಯಜಮಾನರು ತಲೆನೋವೆಂದು ಇಲ್ಲಿಗೇ ಬಂದರು. ಆ ಬೆಳಿಗ್ಗೆ ಯಂತ್ರ ನಡೆಸಲು ಬೇರೆ ಯಾರೂ ಇರಲಿಲ್ಲ, ಅವಳೇ ನಡೆಸಿದಳು. ಎಡಗಡೆ ನಿಂಬೆಹಣ್ಣಿನ ಗಾತ್ರದ ಗಡ್ಡೆ. ನಾನೂ ನೋಡಿದೆ. ಹೊರಗಿನ ಬೆಂಚಿನಲ್ಲಿ ಮಗಳು ಅಪ್ಪನ ಕನ್ನಡಕ, ಗಡಿಯಾರ, ಬೆಲ್ಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಏನಮ್ಮಾ?" ಎಂದಳು. ಅಕ್ಕ ಅದೇ ಮುಖದಲ್ಲಿ "ಡಾಕ್ಟರ್ ಹೇಳ್ತಾರೆ" ಎಂದಳು.

ಮಗಳು ಆ ಮುಖವನ್ನು ನಂಬಿದಳು. ಏನೂ ಇರಲಿಕ್ಕಿಲ್ಲ ಎಂದುಕೊಂಡು ಆ ಮಧ್ಯಾಹ್ನವೇ ಆಫೀಸಿನ ತರಬೇತಿಗೆ ರೈಲು ಹತ್ತಿದಳು. ಫೋನಿನಲ್ಲಿ ಹೇಳುವ ಸುದ್ದಿಯಲ್ಲವೆಂದು ಅಕ್ಕ ಬಾಯಿ ಬಿಡಲಿಲ್ಲ. ಐದನೇ ದಿನ ಮಗಳು ಬರುವಷ್ಟರಲ್ಲಿ ಅಪ್ಪನಿಗೆ ಮಾತು ಹೋಗಿತ್ತು. ಆಮೇಲೆ ಅವರು ಮೂರು ತಿಂಗಳು ಬದುಕಿದರು, ಮಾತು ಮಾತ್ರ ಬರಲಿಲ್ಲ.

ಅಂದಿನಿಂದ ತಾಯಿ ಮಗಳ ನಡುವೆ "ಊಟ ಮೇಜಿನ ಮೇಲಿದೆ", "ಬಾಗಿಲು ಹಾಕ್ಕೋ", ಅಷ್ಟೇ. ಅಕ್ಕ ಅತ್ತದ್ದನ್ನು ಮಗಳು ನೋಡಿಲ್ಲ, ನಾನೂ ನೋಡಿಲ್ಲ. ಈಗ ಮಗಳು ಬೇರೆ ಊರಿಗೆ ವರ್ಗ ಮಾಡಿಸಿಕೊಂಡಿದ್ದಳು. ಭಾನುವಾರ ಹೊರಡುವುದು.

"ಆಗಾಗ ಬರ್ತಾಳಲ್ವಾ ಅಕ್ಕಾ?" ಎಂದು ಕೇಳಿದೆ.

"ಗೊತ್ತಿಲ್ಲ ಕಣೇ. ಮನೆ ಕೀಲಿಕೈ ಕೊಟ್ಟುಬಿಟ್ಟೇ ಹೋಗ್ತೀನಿ ಅಂದಿದಾಳೆ," ಎಂದು ಮುಂದಿನವರನ್ನು ಕರೆದಳು. ಎಂಥ ಹೆಂಗಸಪ್ಪ ಎಂದು ನನಗೆ ಸಿಟ್ಟೇ ಬಂತು.

ಇದರ ಮಧ್ಯೆ ನಮ್ಮ ತಲೆಗೆ ಒಂದು ಸಂಶೋಧನೆಯನ್ನೂ ಕಟ್ಟಿದ್ದರು. ವರ್ಷಗಟ್ಟಲೆ ಖಿನ್ನತೆಯಲ್ಲಿ ಬಿದ್ದವರಿಗೆ, ಒಂದು ಬಗೆಯ ಅಣಬೆಯಲ್ಲಿರುವ ಭ್ರಮೆ ತರಿಸುವ ಔಷಧಿಯನ್ನು ಡಾಕ್ಟರ ಕಣ್ಣೆದುರೇ ಒಂದು ಸಲ ಕೊಡುವುದು. ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಬರೀ ಹಿಟ್ಟು. ಯಾರಿಗೆ ಯಾವುದು ಎಂದು ನಮಗೂ ಹೇಳುವುದಿಲ್ಲ. ಮಾತ್ರೆಗೆ ಮೊದಲೊಮ್ಮೆ, ಮಾರನೇ ದಿನ ಇನ್ನೊಮ್ಮೆ ಯಂತ್ರದಲ್ಲಿ ಮಲಗಿಸಿ ನಲವತ್ತು ಮುಖಗಳ ಫೋಟೊ ತೋರಿಸುತ್ತೇವೆ. ಅವರ ಕೈಯಲ್ಲಿ ನಾಲ್ಕು ಗುಂಡಿ: ಸಂತೋಷ, ಭಯ, ದುಃಖ, ಏನೂ ಇಲ್ಲ.

ಸಂಶೋಧನೆ ನಡೆಸುವ ಡಾಕ್ಟರಮ್ಮ ನನಗೆ ತಿಳಿಯುವಂತೆ ಹೇಳಿದ್ದಿಷ್ಟು. ಮಿದುಳಿನ ಒಳಗೆ ಬಾದಾಮಿಯಂಥ ಒಂದು ಭಾಗವಿದೆ. ಎದುರಿನವರ ಮುಖದಲ್ಲಿರುವ ಹೆದರಿಕೆ, ನಗು, ಸಂಕಟಕ್ಕೆ ಎಚ್ಚರಗೊಳ್ಳುವವುಗಳಲ್ಲಿ ಅದೂ ಒಂದು. ಖಿನ್ನತೆ ಹಳತಾದರೆ ಕೆಲವರಿಗೆ ಎಲ್ಲ ಮುಖವೂ ಮೇಲೆ ಬಿದ್ದು ಬರುವ ಹಾಗೆ ಕಾಣುತ್ತದೆ, ಕೆಲವರಿಗೆ ಎಲ್ಲವೂ ಗೋಡೆ. ಔಷಧಿ ಆ ಬಿಗಿಯನ್ನು ಸಡಿಲಿಸುತ್ತದೆಯೇ ಎಂದು ಕೇಳಿದೆ. "ಗೊತ್ತಿದ್ರೆ ಯಾಕಮ್ಮ ಇಷ್ಟೆಲ್ಲ ಒದ್ದಾಡ್ತಿದ್ವಿ?" ಎಂದರು.

ಎರಡು ವರ್ಷದ ಹಿಂದೆ, ಸಂಶೋಧನೆಯ ತಯಾರಿ ನಡೆದಿದ್ದಾಗಲೇ, ಆ ಫೋಟೊಗಳಿಗೆ ಸಿಬ್ಬಂದಿಯನ್ನೇ ಕೂರಿಸಿದ್ದರು. 'ಏನೂ ಇಲ್ಲ' ಎನ್ನುವಂಥ ಮುಖ ಬೇಕೆಂದಾಗ ಎಲ್ಲರೂ ಅಕ್ಕನ ಕಡೆ ಬೆರಳು ಮಾಡಿದೆವು. ಮೊದಲ ಬೆರಳು ನನ್ನದು. ಅದು ಅವಳ ಯಜಮಾನರ ಸ್ಕ್ಯಾನ್ ಆದ ದಿನದ ಸಂಜೆ. ಬೆಳಿಗ್ಗೆ ಆ ಗಡ್ಡೆಯನ್ನು ಕಣ್ಣಾರೆ ನೋಡಿದ ನಾನೇ ಹಾಗೆ ಮಾಡಿದೆ. ಅವಳು ಎದ್ದು ಹೋಗಿ ಕ್ಯಾಮೆರಾದ ಮುಂದೆ ಕೂತು ಬಂದಳು. ಕೂದಲು, ಕಿವಿ ಕತ್ತರಿಸಿ ಮುಖವಷ್ಟೇ ಉಳಿಸಿದ ಹದಿನೇಳನೇ ಫೋಟೊ ಅವಳದು. ಹುಬ್ಬಿನ ಮೇಲಿನ ಕಲೆ ಇಲ್ಲದಿದ್ದರೆ ನನಗೂ ಗುರುತು ಸಿಗದು.

ಶನಿವಾರ ಒಬ್ಬ ದರ್ಜಿಯ ಎರಡನೇ ಸರದಿ. ಸಂಶೋಧನೆಗೆ ಬಂದವರನ್ನು ಮಲಗಿಸಿ ಇಳಿಸುವವಳು ನರ್ಸು, ಗಾಜಿನ ಈಚೆಯ ನಮ್ಮನ್ನು ಅವರು ಸರಿಯಾಗಿ ನೋಡಿಯೇ ಇರುವುದಿಲ್ಲ. ಮೊದಲ ಸಲ ಬಂದಾಗ ಅವನು ನಲವತ್ತಕ್ಕೆ ನಲವತ್ತೂ 'ಏನೂ ಇಲ್ಲ' ಒತ್ತಿ, "ಎಲ್ಲಾ ಅಂಗಡಿ ಗೊಂಬೆ ಥರಾನೇ ಇದಾವೆ ಮೇಡಂ" ಎಂದಿದ್ದ. ಈ ಸಲ ಬೆರಳು ತಡೆತಡೆದು ಒತ್ತಿತು. ಸಂತೋಷ, ಭಯ, ಮತ್ತೆ ಸಂತೋಷ. ಹದಿನೇಳಕ್ಕೆ ದುಃಖ. ಕಂಪ್ಯೂಟರು 'ತಪ್ಪು' ಎಂದು ತೋರಿಸಿತು. ನಾನೂ ತಪ್ಪು ಎಂದೇ ಬರೆದುಕೊಂಡೆ.

ಎಲ್ಲ ಮುಗಿದ ಮೇಲೆ ಮೈಕಿನಲ್ಲಿ ಅವನ ದನಿ ಬಂತು. "ಮೇಡಂ, ಹುಬ್ಬಿನ ಮೇಲೆ ಕಲೆ ಇರೋ ಆ ತಾಯಿ ಯಾರು? ಏನಾಯ್ತು ಅಂತ ಅವರನ್ನ ಯಾರೂ ಕೇಳಲಿಲ್ವಾ? ಮೇಲೆ ಇಸ್ತ್ರಿ ಚೆನ್ನಾಗೇ ಇದೆ. ಒಳಗೆ ಹೊಲಿಗೆ ಪೂರ್ತಿ ಬಿಟ್ಟುಹೋಗಿದೆ."

ಅಕ್ಕ ಮೈಕಿನ ಗುಂಡಿ ಒತ್ತಿದಳು. "ಅದನ್ನ ಡಾಕ್ಟರ್..." ಎಂದಳು. ಗಲ್ಲ ನಡುಗಿತು. ಹನ್ನೆರಡು ವರ್ಷದಲ್ಲಿ ನಾನು ಕಾಣದ ಮುಖ ಅದು. ಕುರ್ಚಿ ಹಿಂದೆ ಸರಿಸಿ ಎದ್ದು ಹೊರಗೆ ಹೋದಳು. ದರ್ಜಿಯನ್ನು ಇಳಿಸಲು ನರ್ಸಿಗೆ ಸನ್ನೆ ಮಾಡಿ ನಾನೂ ಹಿಂದೆಯೇ ಓಡಿದೆ.

ಬೆಂಚಿನ ಮೇಲೆ ಮಗಳು ಕೂತಿದ್ದಳು, ಅದೇ ಬೆಂಚು. ಕೀಲಿಕೈ ಕೊಡಲು ಬಂದಿದ್ದಳು. ಅಮ್ಮನ ಮುಖ ನೋಡಿದ್ದೇ ಗಾಬರಿಯಾಗಿ ಎದ್ದಳು.

"ಏನಮ್ಮಾ? ಯಾರಿಗೇನಾಯ್ತು?"

"ನಿಮ್ಮಪ್ಪನ ತಲೇಲಿ ಗಡ್ಡೆ ಇದೆ ಕಣೇ," ಎಂದಳು ಅಕ್ಕ. "ದೊಡ್ಡದಿದೆ. ನಂಗೆ ಭಯ ಆಗ್ತಿದೆ. ನೀನು ಊರಿಗೆ ಹೋಗ್ಬೇಡ."

ಎರಡು ವರ್ಷದ ಹಿಂದಿನ ಪ್ರಶ್ನೆಗೆ ಇಂದು ಉತ್ತರ ಬಂದಿತ್ತು. ಮಗಳು ಅಮ್ಮನನ್ನು ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ಇಬ್ಬರೂ ಗೊಳೋ ಎಂದು ಅತ್ತರು. ಸ್ಕ್ಯಾನಿಗೆ ಬಂದವರೆಲ್ಲ ತಮ್ಮ ಪಾಳಿ ಮರೆತು ನೋಡುತ್ತಿದ್ದರು. ನಾನು ಬಾಗಿಲ ಬಳಿ ನಿಂತು, ಬರೆಯುವ ಹಲಗೆಯನ್ನು ಎದೆಗೊತ್ತಿಕೊಂಡು ಅತ್ತೆ. ಕಲ್ಲಮ್ಮ ಎಂಬ ಹೆಸರನ್ನು ಅಂದಿಗೇ ಬಿಟ್ಟೆ.

ಭಾನುವಾರ ಮಗಳು ಹೊರಟಳು, ಕೆಲಸ ಬಿಡಲಾದೀತೇ? ಸೋಮವಾರ ಅಕ್ಕ ಎಂದಿನಂತೆ ಬಂದು ಯಂತ್ರ ಚಾಲೂ ಮಾಡಿದಳು. ನಾನು ಕೀಲಿಕೈ ಕೇಳಿದೆ.

"ತಗೊಂಡು ಹೋದ್ಲು," ಎಂದಳು.