ದೊಡ್ಡವ್ವನ ಹಿಂದೆ ಕೂತಿದ್ದ ಚಿರತೆ

ಭಾನುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ದೊಡ್ಡವ್ವನ ಬೆನ್ನ ಹಿಂದೆ ಒಂದು ಚಿರತೆ ಕಾಣಿಸಿತು. ಆ ಹೊತ್ತಿನಲ್ಲಿ ದೊಡ್ಡವ್ವ ಮಸ್ಕಿಯಲ್ಲಿ ತನ್ನ ಮನೆಯಲ್ಲಿದ್ದಳು. ನಾನು ಲಿಂಗಸುಗೂರಿನಲ್ಲಿ ಲುಂಗಿ ಉಟ್ಟು, ಫ್ಯಾನಿನ ಕೆಳಗೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದೆ. ಚಿರತೆ ಎಲ್ಲಿತ್ತೋ ತಿಳಿಯದು. ಮಸ್ಕಿಯ ಗುಡ್ಡ ಹತ್ತಿ ನಾವು ಆ ಫೋಟೋ ತೆಗೆದುಕೊಂಡು ಬಂದೇ ವಾರವಾಗಿತ್ತು. ಅಂದರೆ ಅಪಾಯ ಬಂದು ಹೋಗಿ, ನಾವೆಲ್ಲ ಕ್ಷೇಮವಾಗಿ ಇಳಿದು, ಒಗ್ಗರಣಿ-ಮಿರ್ಚಿ ತಿಂದು, ಬಸ್ಸು ಹತ್ತಿ ಮನೆಗೆ ಬಂದು, ಅಂದಿನ ಬಟ್ಟೆ ಒಗೆದು ಮಡಚಿಟ್ಟ ಮೇಲೆ ನಾನು ಹೆದರಲು ಶುರು ಮಾಡಿದೆ. ಹೆದರಿಕೆಯನ್ನು ಇಷ್ಟು ದಿನ ಬಾಕಿ ಉಳಿಸಿಕೊಂಡು ಹೆದರಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ನನ್ನ ಪಾಡು ಅರ್ಥವಾದೀತು.

ಆದದ್ದು ಇಷ್ಟೇ. ಫೋಟೋ ತಿದ್ದುವ ಸಾಫ್ಟ್‌ವೇರ್ ಒಂದನ್ನು ಹೊಸದಾಗಿ ಹಾಕಿಕೊಂಡಿದ್ದೆ. ಅದರಲ್ಲಿ ನೆರಳನ್ನು ತಿಳಿಯಾಗಿಸುವ ಒಂದು ಗೆರೆ ಇದೆ. ಬಲಕ್ಕೆ ಎಳೆದರೆ ಕತ್ತಲಲ್ಲಿದ್ದದ್ದೆಲ್ಲ ಮೇಲೆ ಬರುತ್ತದೆ. ದೊಡ್ಡವ್ವನ ಸೀರೆಯ ಅಂಚು ಕಾಣಲಿ ಎಂದು ಎಳೆದೆ. ಅಂಚು ಕಂಡಿತು. ಅದರಾಚೆ ಬಂಡೆಯ ಸಂದಿನಲ್ಲಿ ಎರಡು ಹಳದಿ ಕಣ್ಣೂ ಕಂಡವು. ಸುತ್ತಲೂ ಒಣಹುಲ್ಲಿನ ಬಣ್ಣದ ಮಚ್ಚೆಗಳು.

ಆ ಕಣ್ಣುಗಳಿಗಿಂತ ಹೆಚ್ಚು ನಡುಗಿಸಿದ್ದು ನನ್ನದೇ ಮಾತು. “ಇನ್ನೊಂಚೂರು ಹಿಂದಕ್ಕ ಸರಿ ದೊಡ್ಡವ್ವ, ಇನ್ನೊಂಚೂರು” ಎನ್ನುತ್ತ ಅವಳನ್ನು ಆ ಸಂದಿನ ಬಾಯಿಗೆ ಸರಿಸಿದವನು ನಾನೇ. ಅವತ್ತಿನಿಂದ ಕಣ್ಣು ಮುಚ್ಚಿದರೆ ಸಾಕು, ದೊಡ್ಡವ್ವ ನಗುತ್ತ ಹಿಂದಕ್ಕೆ ಸರಿಯುತ್ತಿದ್ದಳು. ನನ್ನ ನಿದ್ದೆಯೂ ಹಾಗೇ ಹಿಂದಕ್ಕೆ ಸರಿಯಿತು.

ಹೆಂಡತಿ ಸುಜಾತಾಳನ್ನು ಕರೆದು ತೋರಿಸಿದೆ. “ಅಯ್ಯ, ನಮ್ಮೆಲ್ಲಾರಕಿಂತ ಇದ ಚಲೋ ಪೋಸ್ ಕೊಟ್ಟೈತಲ್ರೀ” ಎಂದಳು. ಆಮೇಲೆ ಅದನ್ನು ಸಿಂಧನೂರಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ತನ್ನ ತಮ್ಮ ನಾಗರಾಜನಿಗೆ ಕಳಿಸಿದಳು. ಅವನು ಅರ್ಧ ಗಂಟೆಯಲ್ಲಿ ವಾಪಸು ಕಳಿಸಿದ. “ಮಾಮಾ, ನಿಮ್ಮದ್ರಾಗ ಮಸುಕಿತ್ರಿ. ಕ್ಲಿಯರ್ ಮಾಡೀನಿ ನೋಡ್ರಿ.” ಕ್ಲಿಯರ್ ಮಾಡಿದ್ದರಲ್ಲಿ ಚಿರತೆಗೆ ಮೀಸೆ ಬಂದಿತ್ತು. ತುರ್ವಿಹಾಳದ ನೆಂಟರಿಂದ ಬಂದ ಪ್ರತಿಯಲ್ಲಿ ಕೋರೆಹಲ್ಲು. ದಢೇಸುಗೂರು ಸುತ್ತಿ ಬರುವಷ್ಟರಲ್ಲಿ ಪಕ್ಕದಲ್ಲೊಂದು ಮರಿ. ಅಷ್ಟು ಬೇಗ ಸಂಸಾರ ಕಟ್ಟಿದ ಪ್ರಾಣಿಯನ್ನು ನಾನು ಕಂಡಿಲ್ಲ.

ಇತ್ತ ನನ್ನ ಸಾಫ್ಟ್‌ವೇರಿಗೆ ಮನುಷ್ಯರ ಮುಖ ಗುರುತಿಸಿ ಬೇರೆ ಬೇರೆ ಗುಂಪು ಮಾಡುವ ಚಟ. ಆ ಎರಡು ಕಣ್ಣಿಗೂ ಒಂದು ದುಂಡನೆಯ ಚೌಕಟ್ಟು ಹಾಕಿ, ದೊಡ್ಡವ್ವ ಮತ್ತು ಸುಜಾತಾಳ ನಡುವೆ ಕೂರಿಸಿ, ‘ಇವರು ಯಾರು?’ ಎಂದು ಕೇಳಿತು. ಗೌರವದಿಂದ ಬಹುವಚನ ಬೇರೆ. ನಾನು ಆ ಪ್ರಶ್ನೆಯನ್ನು ಮುಚ್ಚಿದೆ. ಅದು ಬಿಡದೆ ಹಳೆಯ ಫೋಟೋಗಳನ್ನೆಲ್ಲ ಹುಡುಕಿ, ‘ಇವರು ಇಲ್ಲಿಯೂ ಇದ್ದಾರೆಯೇ?’ ಎಂದು ನಾಗರಾಜನ ಮಗಳ ತೊಟ್ಟಿಲ ಕಾರ್ಯದ ಚಿತ್ರವೊಂದನ್ನು ತೋರಿಸಿತು. ಚಿರತೆ ಸಿಂಧನೂರಿಗೂ ಬಂದು, ಎರಡನೇ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡಿತ್ತೆ? ದೊಡ್ಡದು ಮಾಡಿ ನೋಡಿದರೆ ಬೀಗರ ಪೈಕಿ ಒಬ್ಬರು, ದಪ್ಪ ಕನ್ನಡಕದವರು. ಆದರೂ ಅವರನ್ನು ಮತ್ತೆರಡು ಸಲ ನೋಡಿದೆ. ಡಿಗ್ರಿ ಮಾಡಿದವನ ಬುದ್ಧಿ ಆ ವಾರ ಈ ಮಟ್ಟದಲ್ಲಿತ್ತು.

ನಗುವುದಕ್ಕೆ ಇಷ್ಟು ಸಾಕು. ಮುಂದಿನದು ನಗುವಂಥದಲ್ಲ. ದೊಡ್ಡವ್ವನ ಮಗ ಅಮರೇಶ ಹಟ್ಟಿಯ ಗಣಿಯಲ್ಲಿ ಪಾಳಿ ಮುಗಿಸಿ ಮೇಲೆ ಬಂದವನೇ ಫೋಟೋ ನೋಡಿ ಮಸ್ಕಿಗೆ ಓಡಿದ್ದ. ನೆಲದೊಳಗೆ ಇಳಿಯಲು ಹೆದರದವನು ಗುಡ್ಡದ ಫೋಟೋಕ್ಕೆ ಹೆದರಿದ. ಅವ್ವ ಇನ್ನು ಗುಡ್ಡಕ್ಕೆ ಹೋಗಕೂಡದು, ಅಲ್ಲಿ ಅವಳು ಮೇಯಿಸುವ ಆಡುಗಳನ್ನೆಲ್ಲ ಮಾರುವುದು, ಗುರುವಾರ ಸಿಂಧನೂರಿನ ವ್ಯಾಪಾರಿ ಬರುತ್ತಾನೆ ಎಂದು ತೀರ್ಮಾನವಾಯಿತು. ದೊಡ್ಡವ್ವ ನನಗೆ ಫೋನ್ ಮಾಡಿದಳು.

“ಎಂಥಾ ಫೋಟೋ ಹೊಡ್ದೀಲೇ ನೀ? ಆಡಿಗೆ ಹಾಕೋ ಹಗ್ಗ ನನಗ ಹಾಕ್ಯಾರ. ಮುಂಜಾನಿಂದ ಮನ್ಯಾಗ ಕುಂತೀನಿ. ಸೊಸಿ ಮಾರಿ ನಾ ನೋಡಾದು, ನನ್ನ ಮಾರಿ ಸೊಸಿ ನೋಡಾದು. ಇದಕಿಂತ ಚಿರತಿನ ಚಲೋ ಇತ್ತು.”

ಬೆಳಗಾದರೆ ಆಡು ಹೊಡೆದುಕೊಂಡು ಹೊರಬೀಳುವುದು ಅವಳಿಗೆ ಬರೀ ಕೆಲಸವಾಗಿರಲಿಲ್ಲ. ಯಾರನ್ನೂ ಕೇಳದೆ ಅವಳು ಮಾಡುತ್ತಿದ್ದ ಒಂದೇ ಒಂದು ಸಂಗತಿ ಅದು.

ಚಿರತೆ ನಿಜಕ್ಕೂ ಎಷ್ಟು ಹತ್ತಿರವಿತ್ತೆಂದು ಅಳೆಯಲು ಮೂಲ ಫೋಟೋ ಹುಡುಕತೊಡಗಿದೆ. ಹುಡುಕುವುದು ಸುಲಭವೆಂದುಕೊಂಡಿರಾ? ನನ್ನ ಲ್ಯಾಪ್‌ಟಾಪಿನಲ್ಲಿ ‘ಗುಡ್ಡ’, ‘ಗುಡ್ಡ ಹೊಸದು’, ‘ಗುಡ್ಡ ಫೈನಲ್’, ‘ಗುಡ್ಡ ಫೈನಲ್ ಖರೇ’ ಎಂದು ಸಾಲು ಗುಡ್ಡಗಳು. ಅದೇ ಮಸ್ಕಿಯ ಬಂಡೆಯ ಮೇಲೆ ಒಬ್ಬ ಚಕ್ರವರ್ತಿ ಶಾಸನ ಬರೆಸಿದ್ದಾನೆ. ಆ ಬಂಡೆಯ ಮೇಲಿರುವುದು ಒಂದೇ ಪ್ರತಿ. ಸವೆದ ಅಕ್ಷರ ಸವೆದೇ ಇವೆ, ಉಳಿದದ್ದನ್ನು ಜನ ಇವತ್ತಿಗೂ ಓದುತ್ತಾರೆ. ನಾನು ಒಂದು ವಾರದ ಹಿಂದಿನ ಫೋಟೋವನ್ನು ‘ಗ್ಯಾಸ್ ಬಿಲ್’ ಎಂಬ ಫೋಲ್ಡರಿನಲ್ಲಿ ಕಂಡುಹಿಡಿದೆ.

ಅದರಲ್ಲಿ ಬಂಡೆಯ ಸಂದಿನಲ್ಲಿ ನಿಂತಿದ್ದದ್ದು ಒಂದು ಕರಿ ಆಡು.

ಬಿಳಿ ಕಿವಿ, ಕೊಂಬು, ನರೆತ ಗಡ್ಡ. ನನಗೆ ಮೆಲ್ಲಗೆ ನೆನಪಾಯಿತು. ಭಾನುವಾರ ಉಂಡ ಮೇಲೆ, ಅಳಿಸುವ ಸಾಧನ ಸಿಕ್ಕ ಹುರುಪಿನಲ್ಲಿ ನೀರಿನ ಬಾಟಲಿ, ಯಾರದೋ ಚಪ್ಪಲಿ, ಕರೆಂಟಿನ ತಂತಿ ಎಲ್ಲವನ್ನೂ ಒರೆಸಿದ್ದೆ. ಮನೆಮಂದಿಯ ಫೋಟೋದಲ್ಲಿ ಇದೇನು ಎಂದು ಆ ಕಿವಿ, ಕೊಂಬು, ಗಡ್ಡಗಳನ್ನೂ ಒರೆಸಿದ್ದೆ. ಖಾಲಿಯಾದ ಜಾಗಕ್ಕೆ ಸಾಫ್ಟ್‌ವೇರ್ ತಾನೇ ಒಣಹುಲ್ಲು ತುಂಬಿತ್ತು. ಕರಿ ಮೈ ಕತ್ತಲಲ್ಲಿ ಕಂಡಿರಲಿಲ್ಲ, ಕಣ್ಣೂ ಕಂಡಿರಲಿಲ್ಲ. ಕಾಣದ್ದನ್ನು ಅಳಿಸುವುದು ಹೇಗೆ? ಗಡ್ಡ ಬೋಳಿಸಿದ ಆಡನ್ನು ಬೆಳಕಿಗೆ ಎಳೆದು, ಚಿರತೆಯೆಂದು ಬೆವರಿದ್ದೆ.

ಬುಧವಾರ ಮಸ್ಕಿಗೆ ಧಾವಿಸಿದೆ. ಮೂಲ ಫೋಟೋ ನೋಡಿ ಅಮರೇಶ ನಕ್ಕ. “ಅಣ್ಣಾ, ನೀ ಓದಿದಾಂವ. ಅವ್ವಗ ಸಮಾಧಾನ ಆಗ್ಲಿ ಅಂತ ಚಿರತಿ ಅಳಿಸಿ ಆಡು ಕೂಡ್ಸಿ ತಂದೀ. ನಮಗ ತಿಳಿಯಂಗಿಲ್ಲೇನು?” ಪರಿಣತರ ಅಭಿಪ್ರಾಯಕ್ಕೆಂದು ನಾಗರಾಜನಿಗೆ ಫೋನ್ ಹೋಯಿತು. ಅವನು ತನ್ನ ಮೀಸೆಯ ಚಿರತೆಯನ್ನು ಬಿಟ್ಟುಕೊಡಲಿಲ್ಲ. “ಆಡಿನ ಗಡ್ಡ ಭಾಳ ಸಾಫ್ ಕಾಣಾಕತ್ತೈತ್ರಿ ಮಾಮಾ. ಇದು ಎಡಿಟ್ ಮಾಡಿದ್ದ.”

ದೊಡ್ಡವ್ವ ಆ ಆಡನ್ನೇ ಎಳೆದು ತಂದು ನಿಲ್ಲಿಸಿದಳು. ಆಡು ತನ್ನ ಚಿತ್ರವನ್ನು ಮೂಸಿ, ನನ್ನ ಫೋನಿನ ಕವರು ತಿನ್ನಲು ಬಾಯಿ ಹಾಕಿತು.

“ಆಡು ಇರಾದು ಖರೇ” ಎಂದ ಅಮರೇಶ. “ಚಿರತಿ ಇಲ್ಲ ಅನ್ನಾಕ ಏನು ಗ್ಯಾರಂಟಿ? ಒಂದು ಮಾಡು. ನಾಳಿ ನೀನ ಅವ್ವನ ಕೂಡ ಹೋಗಿ ಅಲ್ಲೇ ಕುಂದ್ರು. ಸಂಜಿಗೆ ನೀ ತಿರುಗಿ ಬಂದ್ರ ಆಡು ಉಳೀತಾವ.”

“ಬರದಿದ್ರ?”

“ಬರದಿದ್ರ ಮಾರ್ತೀನಿ.”

ನನ್ನ ಬಗ್ಗೆ ಅವನಿಗಿದ್ದ ಕಾಳಜಿ ಅಷ್ಟೇ.

ಗುರುವಾರ ದೊಡ್ಡವ್ವನ ಹಿಂದೆ ಗುಡ್ಡ ಹತ್ತಿದೆ. ಅಲ್ಲಿ ಚಿರತೆ ಇರಲಿಲ್ಲವೆಂದು ನನ್ನಷ್ಟು ಖಚಿತವಾಗಿ ಬಲ್ಲವರು ಲೋಕದಲ್ಲಿ ಇನ್ನೊಬ್ಬರಿಲ್ಲ, ಅದನ್ನು ತಯಾರಿಸಿದವನೇ ನಾನು. ಆದರೂ ಕಾಲು ನಡುಗುತ್ತಿತ್ತು. ಓತಿಕ್ಯಾತ ಓಡಿದರೆ ಬೆಚ್ಚಿದೆ. ತರಗೆಲೆ ಸರಿದರೆ ಎದ್ದು ನಿಂತೆ.

“ಫೋಟೋ ಸುಳ್ಳಂತ ನೀನ ಹೇಳ್ದಿ. ಮತ್ಯಾಕ ಹಂಗ ಹೊರಳಿ ಹೊರಳಿ ನೋಡ್ತೀ?” ಎಂದು ದೊಡ್ಡವ್ವ ರೊಟ್ಟಿ ಬಿಚ್ಚಿದಳು.

“ನೀ ಹೆದ್ರಂಗಿಲ್ಲೇನು?”

“ಹೆದರ್ತೀನಿ. ದಿನಾ ಹೆದರ್ತೀನಿ. ಹೆದರ್ಕೋಂತ ಬರ್ತೀನಿ. ತಗೋ, ಚಟ್ನಿ ಹಚ್ಕೋ.”

ಗುಡ್ಡದ ಬುಡದಲ್ಲಿ ಬಡಿಗೆ ಹಿಡಿದು ನಿಂತಿದ್ದ ಅಮರೇಶ, “ಅಣ್ಣಾ, ಅದೀಯೇನ?” ಎಂದು ಆಗಾಗ ಕೂಗುತ್ತಿದ್ದ. “ಅದೀನಿ” ಎಂದು ನಾನು ಕೂಗುತ್ತಿದ್ದೆ. ಒಂದೊಂದು ಸಲ ಕೂಗಿದಾಗಲೂ ಅದು ನನಗೇ ಸ್ವಲ್ಪ ಹೆಚ್ಚು ನಿಜವೆನಿಸಿತು. ವ್ಯಾಪಾರಿ ಬಂದವನು ನಮ್ಮ ಕೂಗಾಟವನ್ನು ಸಂಜೆಯವರೆಗೆ ಕೇಳಿ, ಚಹಾ ಕುಡಿದು, ಬರಿಗೈಲಿ ಸಿಂಧನೂರಿನ ಬಸ್ಸು ಹತ್ತಿದ.

ನಿಜ ಏನೆಂಬುದು ನನ್ನ ತಲೆಗೆ ಮೊದಲೇ ಗೊತ್ತಿತ್ತು. ಕಾಲಿಗೆ ಗೊತ್ತಾಗಲು ಅಷ್ಟು ದೂರ ನಡೆಯಬೇಕಾಯಿತು. ಅಂದು ಮಸ್ಕಿಯಲ್ಲೇ, ದೊಡ್ಡವ್ವನ ಕಟ್ಟೆಯ ಮೇಲೆ ಚಾಪೆ ಹಾಸಿ ಮಲಗಿದೆ. ಕಣ್ಣು ಬಿಟ್ಟಾಗ ಶುಕ್ರವಾರದ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಕೊಟ್ಟಿಗೆ ಖಾಲಿ. ದೊಡ್ಡವ್ವ ಆಡುಗಳನ್ನೆಲ್ಲ ನನ್ನ ತಲೆಯ ಪಕ್ಕದಲ್ಲೇ ಹೊಡೆದುಕೊಂಡು ಹೋಗಿದ್ದಳಂತೆ, ಯಾರನ್ನೂ ಕೇಳದೆ. ನನಗೆ ಎಚ್ಚರವೇ ಆಗಿರಲಿಲ್ಲ.