ಕೋಳಿಗಿಂತ ಮೊದಲು ಒಂದು ಚಮಚ

ನಾನು ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವನಲ್ಲ. ಆದರೂ ನಾಸಿಕದ ಸುತ್ತಲಿನ ಕೋಳಿ ಫಾರ್ಮುಗಳಲ್ಲಿ ನಿಂತು, ಮೊಟ್ಟೆಯ ಹಳದಿ ಹೇಗಿರಬೇಕೆಂದು ಅರ್ಧ ಗಂಟೆ ಮಾತಾಡಬಲ್ಲೆ. ಸಂಬಳ ಬರುವುದೇ ಅದಕ್ಕೆ. ನಾನು ಮಾರುವುದು ಕೋಳಿಯ ಮೇವಿಗೆ ಬೆರೆಸುವ ಪಾಚಿಯ ಪುಡಿ. ಬೀದರದ ನಮ್ಮ ಮನೆಯಲ್ಲಿ ಪಾಚಿ ಎಂದರೆ ಅವ್ವನಿಗೆ ವೈರಿ. ನೀರಿನ ಟಾಕಿ ಬರಿದು ಮಾಡಿಸಿ ತಿಕ್ಕಿಸುತ್ತಿದ್ದಳು. ಅವಳ ಮಗ ಅದನ್ನು ಬೆಳೆಸಿ, ಒಣಗಿಸಿ, ಚೀಲ ಕಟ್ಟುವ ಕಂಪನಿಗೆ ದುಡಿಯುತ್ತಾನೆ.

ಪಾಚಿಯನ್ನು ಹೀಗಳೆಯುವಂತಿಲ್ಲ ಬಿಡಿ. ಬಿಡಿಯಾಗಿ ಬರಿಗಣ್ಣಿಗೆ ಕಾಣದ ಈ ಜೀವದ ತುಂಬ ಪ್ರೋಟೀನು, ಜೊತೆಗೆ ಬಣ್ಣ. ಕೋಳಿ ತನ್ನ ಮೊಟ್ಟೆಯ ಹಳದಿಯ ಬಣ್ಣವನ್ನು ತಾನೇ ತಯಾರಿಸುವುದಿಲ್ಲ, ತಿಂದದ್ದರಿಂದ ಪಡೆಯುತ್ತದೆ. ಫ್ಲೆಮಿಂಗೊ ಹಕ್ಕಿಯ ಗುಲಾಬಿ ಬಣ್ಣವೂ ಹೀಗೆ ಬಂದದ್ದೇ. ಇದನ್ನೆಲ್ಲ ಹೇಳುವಾಗ ನಾನು ಪ್ರೊಫೆಸರರಂತೆ ಕಾಣುತ್ತೇನೆಂದು ನನ್ನ ನಂಬಿಕೆ. ಹೆಂಡತಿಯ ನಂಬಿಕೆ ಬೇರೆ.

ಈ ಪಾಂಡಿತ್ಯ ನಾಸಿಕದ ಆಚೆಯ ವೈಜಾಪುರದಲ್ಲಿ ಕೈಕೊಟ್ಟಿತು. ಅಲ್ಲಿನ ದೊಡ್ಡ ಫಾರ್ಮಿನ ಮಾಲಕರು ಶರಣಪ್ಪನವರು, ನಮ್ಮ ಭಾಲ್ಕಿ ಕಡೆಯವರೇ, ಹಣೆ ತುಂಬ ವಿಭೂತಿ. ಉಳಿದ ಫಾರ್ಮಿನವರಂತೆ ಅವರೂ ಬೇಡವೆಂದರೆ ಈ ಕೆಲಸ ನನಗಿಲ್ಲವೆಂದು ನಮ್ಮ ಸಾಹೇಬರು ಮೊದಲೇ ಹೇಳಿ ಕಳಿಸಿದ್ದರು. ಶರಣಪ್ಪನವರು ಪರೀಕ್ಷೆಗೆಂದು ಕೆಲವು ಕೋಳಿಗಳಿಗೆ ನಮ್ಮ ಪುಡಿ ಹಾಕಿಸಿದ್ದರು. ಆ ಕೋಳಿಗಳ ಮೊಟ್ಟೆಯನ್ನು ಒಂದು ತಟ್ಟೆಯಲ್ಲೂ ಹಳೆಯ ಮೇವಿನದನ್ನು ಇನ್ನೊಂದರಲ್ಲೂ ಒಡೆಸಿ ಇಟ್ಟರು. ನಮ್ಮದು ಅರಿಶಿನ ಕಲಸಿದ ಹಾಗೆ ಹೊಳೆಯುತ್ತಿತ್ತು. ಬಣ್ಣವೇನೋ ಸರಿ, ರುಚಿ ಹೇಗೆ ಎಂದರು. ನಾನು ತಿನ್ನುವುದಿಲ್ಲವೆಂದೆ. ಅವರೂ ತಿನ್ನುವುದಿಲ್ಲವಂತೆ. ಮಾರುವವನಿಗೂ ಗೊತ್ತಿಲ್ಲ, ಕೊಳ್ಳುವವರಿಗೂ ಗೊತ್ತಿಲ್ಲ. ಇಬ್ಬರೂ ತಟ್ಟೆ ನೋಡುತ್ತ ಕೂತೆವು.

ಕೊನೆಗೆ ಅವರು ನನ್ನ ಚೀಲದ ಕಡೆ ಕೈ ತೋರಿಸಿದರು. “ಈ ಪುಡಿಯಂತೂ ಶಾಕಾಹಾರಿ ಅದಲ್ರಿ? ಇದನ್ನರ ತಿಂದು ತೋರಸ್ರಿ.”

ನೀವೇ ಹೇಳಿ, ಏನು ಮಾಡಬೇಕಿತ್ತು? ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಅಂಗುಳಿಗೆ ಅಂಟಿತು, ಕಣ್ಣಲ್ಲಿ ನೀರು ಬಂತು. ಹೊಗಳಬೇಕೆಂದೇ ಬಾಯಿ ತೆರೆದೆ. ಹಸಿರಾದ ನಾಲಿಗೆ ನನ್ನ ಮಾತು ಕೇಳಲಿಲ್ಲ.

“ಭಾಳ ಕೆಟ್ಟ ಅದರಿ,” ಎಂದುಬಿಟ್ಟೆ.

ಕೆಲಸ ಹೋಯಿತೆಂದುಕೊಂಡೆ. ಶರಣಪ್ಪನವರು ನಕ್ಕು ನೀರು ತರಿಸಿದರು.

“ಇಷ್ಟೊತ್ತನ ನೀವು ಹೇಳಿದ್ದು ಒಂದೂ ನಂಬಿರಲಿಲ್ರಿ ನಾ. ಈಗ ನಂಬತೀನಿ.” ಫಾರ್ಮಿಗೆಲ್ಲ ಸಾಕಾಗುವಷ್ಟು ಪುಡಿ ಕಳಿಸಲು ಹೇಳಿದರು.

ಅಂದಿನಿಂದ ಫ್ಲೆಮಿಂಗೊ ಹಕ್ಕಿಯನ್ನು ಕೈಬಿಟ್ಟಿದ್ದೇನೆ. ಘೋಟಿಯ ಫಾರ್ಮಿರಲಿ, ಇಗತಪುರಿಯದಿರಲಿ, ಮೊದಲು ಒಂದು ಚಮಚ ತಿಂದು, ಮುಖ ಸಿಂಡರಿಸಿ, ಕೆಟ್ಟದಾಗಿದೆ ಎನ್ನುತ್ತೇನೆ. ವ್ಯಾಪಾರ ಚೆನ್ನಾಗಿದೆ. ನನ್ನ ಪ್ರಾಮಾಣಿಕತೆಯನ್ನು ಸಾಹೇಬರು ಮೀಟಿಂಗಿನಲ್ಲಿ ಹೊಗಳುತ್ತಾರೆ.

ಈಚೆಗೆ ಮಾತ್ರ ಒಂದು ಭಯ ಶುರುವಾಗಿದೆ. ತಿಂದು ತಿಂದು ಆ ಪುಡಿ ನನಗೆ ರುಚಿ ಹತ್ತಿಬಿಟ್ಟಿದೆ. ಈಗ ಮನೆ ಬಿಡುವ ಮೊದಲು ಕನ್ನಡಿಯ ಮುಂದೆ ನಿಂತು, ಮುಖ ಸಿಂಡರಿಸುವುದನ್ನು ಅಭ್ಯಾಸ ಮಾಡಿಕೊಂಡು ಹೊರಡುತ್ತೇನೆ.