ಏಣಿ ಮಗನಾದ ಮೇಲೆ

ಆ ಮನೆಯಲ್ಲಿ ಇರೋದು ಮೂವರು, ಅಡುಗೆ ಆಗೋದು ನಾಲ್ವರಿಗೆ ಎಂದು ಅಕ್ಕಪಕ್ಕದವರು ನಗುತ್ತಿದ್ದರು. ತಾಯಿ, ಮಗ, ಮಗಳು ಸರಿ. ನಾಲ್ಕನೆಯವನು ಮಗನ ಗೆಳೆಯ. ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾರದಷ್ಟು ಎತ್ತರದವನು, ಹಾಗಾಗಿ ಬೀದಿಗೆಲ್ಲ ಅವನು ಏಣಿ. ಹಸುಗೂಸಾಗಿದ್ದಾಗಲೇ ಹೆತ್ತವರನ್ನು ಕಳೆದುಕೊಂಡವನು, ಚಿಕ್ಕಪ್ಪನ ಮನೆಯ ಜಗಲಿಯಲ್ಲಿ ಮಲಗುತ್ತಿದ್ದ, ಅಷ್ಟೇ. ಉಳಿದ ಬದುಕೆಲ್ಲ ಇಲ್ಲಿಯೇ. ಮೇಲಿನ ಮನೆಯ ಅಜ್ಜಿಯಂತೂ ಮುಲಾಜಿಲ್ಲದೆ ಹೇಳಿಬಿಡುತ್ತಿದ್ದಳು: "ಹೇಗೂ ಅಳಿಯ ಆಗೋನು ತಾನೇ. ಈಗಿಂದ್ಲೇ ತಿಂದು ಅಭ್ಯಾಸ ಮಾಡ್ಕೊಳ್ಲಿ ಬಿಡಿ."

ಅಜ್ಜಿ ತಮಾಷೆಗೆ ಅಂದದ್ದು ಹುಡುಗಿಯ ಮನಸ್ಸಿನಲ್ಲಿ ನಿಜವಾಗಿಯೇ ಇತ್ತು. ಅವಳು ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಮೇಣದ ಒಸಡಿನ ಮೇಲೆ ಒಂದೊಂದೇ ಹಲ್ಲನ್ನು ಸಾಲಾಗಿ ಕೂರಿಸುವುದು, ಯಾರೋ ಕಾಣದ ಮುದುಕರ ಬಾಯಿಗೆ ನಗು ಜೋಡಿಸುವುದು ಅವಳ ದಿನಗೆಲಸ. ಏಣಿ ಅವಳನ್ನು "ಏನ್ರೀ ಹಲ್ಲಿನ ಡಾಕ್ಟ್ರೇ" ಎಂದು ರೇಗಿಸುತ್ತಿದ್ದ. ಅವನಿಗೂ ಅವಳಣ್ಣನಿಗೂ ಒಂದೇ ಗಾಜಿನ ಅಂಗಡಿಯಲ್ಲಿ ಕೆಲಸ. ಕಿಟಕಿಯಷ್ಟು ಅಗಲದ ಗಾಜನ್ನು ಒಬ್ಬ ಮುಂದೆ, ಒಬ್ಬ ಹಿಂದೆ ಹಿಡಿದು ಬೀದಿಯಲ್ಲಿ ನಡೆದರೆ ಜನ ತಾವಾಗಿ ದಾರಿ ಬಿಡುತ್ತಿದ್ದರು. ಆ ಭಾರದಲ್ಲೂ ಇಬ್ಬರದೂ ಹರಟೆ ನಿಲ್ಲುತ್ತಿರಲಿಲ್ಲ.

ಅವಳ ಮನಸ್ಸು ಜಾರಿದ್ದು ಅಡುಗೆಮನೆಯ ಕಿಟಕಿ ಒಡೆದ ದಿನ. ಚೂರುಗಳು ನೆಲದ ತುಂಬ ಸಿಡಿದಿದ್ದವು. ಏಣಿ ಅವಳನ್ನು ಒಲೆಕಟ್ಟೆಯ ಮೇಲೆ ಕೂರಿಸಿ, ತಾನು ಹೇಳುವ ತನಕ ಕಾಲು ಕೆಳಗಿಡಬೇಡ ಎಂದು ತಾಕೀತು ಮಾಡಿದ. ಒದ್ದೆ ಪೇಪರನ್ನು ನೆಲಕ್ಕೆ ಒತ್ತಿ ಒತ್ತಿ ಕಣ್ಣಿಗೆ ಕಾಣದ ಚೂರನ್ನೂ ಎತ್ತಿದ, ಮೂಲೆ ಮೂಲೆಗೂ ಮಂಡಿಯೂರಿ. ಅವಳು ಮೇಲಿನಿಂದ ಅವನ ನೆತ್ತಿ ನೋಡುತ್ತಾ ಕುಳಿತಳು. ಆ ಬೀದಿಯಲ್ಲಿ ಏಣಿಯ ನೆತ್ತಿ ಕಂಡವರು ಬೇರೆ ಯಾರಿದ್ದರು ಹೇಳಿ. ಅಲ್ಲಿ ಎರಡು ಸುಳಿಗಳಿದ್ದವು. ಕೈ ಚಾಚಿದರೆ ಎಟುಕುತ್ತಿತ್ತು. ಚಾಚಲಿಲ್ಲ. ಆದರೆ ಎದ್ದು ನಿಂತವನು ಅವಳ ಮುಖ ನೋಡಿದ, ನೋಡಿ ಕಿವಿಯವರೆಗೂ ಕೆಂಪಾದ. ಮುಚ್ಚಿಡಲು ಏನೂ ಉಳಿಯಲಿಲ್ಲ.

ಗೆಳೆಯನ ಬೆನ್ನ ಹಿಂದೆ ಮೋಸ ಮಾಡಿದ ಹಾಗಾಗಬಾರದೆಂದು ಏಣಿ ತಾನೇ ಹೋಗಿ ಅಣ್ಣನಿಗೆ ಹೇಳಿದ. ಅಣ್ಣ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಊಟಕ್ಕೆ ಕುಳಿತಾಗ ತಂಗಿಯ ಕಿವಿಯಲ್ಲಿ, ಇವನು ನಿನ್ನನ್ನ ಅಳಿಸಿದರೆ ಮುಂದಿನ ಹಲ್ಲಿನ ಸೆಟ್ಟು ಇವನಿಗೇ ಮಾಡಬೇಕಾಗುತ್ತೆ, ಮೇಣ ತೆಗೆದಿಟ್ಟಿರು ಎಂದ. ಅಮ್ಮನ ಹತ್ತಿರ ತಾನೇ ಮಾತಾಡುತ್ತೇನೆ, ಕೈಯಲ್ಲಿರುವ ಆಸ್ಪತ್ರೆಯ ಕಿಟಕಿಗಳ ಕೆಲಸ ಮುಗಿಯಲಿ ಎಂದ.

ಆ ಕೆಲಸ ಮುಗಿಯುವ ಮೊದಲೇ ಅಣ್ಣ ಮುಗಿದುಹೋದ. ಗಾಜು ಕೂರಿಸಲು ಮೆತ್ತುವ ಪುಟ್ಟಿಯ ಡಬ್ಬಿ ತರಲು ಬೈಕಿನಲ್ಲಿ ಹೋದವನಿಗೆ ಲಾರಿ ಗುದ್ದಿತು.

ಅವಳು ಅಳಲಿಲ್ಲ. ಅಳು ಬರುತ್ತೆ ಎಂದು ಕಾದಳು, ಬರಲಿಲ್ಲ. ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದಳು. ನೀರು ಕುಡಿಸಿದರೆ ಕುಡಿದಳು, ಅನ್ನ ಮುಟ್ಟಲಿಲ್ಲ. ಬಂಧುಗಳು ಬಂದರು, ಹೇಳುವಷ್ಟು ಹೇಳಿದರು, ಹೋದರು. ಒಂದು ಸಂಜೆ ಏಣಿ ಬಂದ. ಕತ್ತಲಲ್ಲಿ ಹೆಜ್ಜೆ ಸಪ್ಪಳ ಕೇಳಿ ಅಮ್ಮ ತಿರುಗದೆಯೇ ಕೇಳಿದಳು:

"ಬಂದ್ಯೇನೋ ಮಗನೇ?"

ಅಷ್ಟು ವರ್ಷವೂ ಆಂಟಿ ಎನ್ನುತ್ತಿದ್ದವನು ಬಾಗಿಲಲ್ಲೇ ತಡೆದು ನಿಂತ. ಒಮ್ಮೆ ಹುಡುಗಿಯ ಕಡೆ ನೋಡಿದ.

"ಬಂದೆ ಅಮ್ಮ."

ಅಮ್ಮ ಎದ್ದು ಕುಳಿತಳು. ಆ ಸಂಜೆ ಉಂಡಳು. ಹುಡುಗಿಗೆ ಆಗ ಹಾಯೆನಿಸಿತು. ಒಂದು ಮಾತಿನಿಂದ ತಾಯಿ ಬದುಕಿದಳಲ್ಲ ಎಂದುಕೊಂಡಳು.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಅಮ್ಮ ಅವನಿಗೆ ಅಣ್ಣನ ಅಂಗಿಗಳನ್ನು ತೊಡಿಸಿದಳು. ಅಂಗಿಯ ತುಂಬುತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆಯೇ ನಿಲ್ಲುತ್ತಿತ್ತು, ಅವನು ಹಾಗೇ ಕೆಲಸಕ್ಕೆ ಹೋಗುತ್ತಿದ್ದ. ಅಣ್ಣನ ಮಂಚ, ಅಣ್ಣನ ತಟ್ಟೆ ಅವನದಾದವು. ಬಂದವರಿಗೆಲ್ಲ ನನ್ನ ಮಗ ಎಂದು ಪರಿಚಯ. ಮೇಲಿನ ಮನೆಯ ಅಜ್ಜಿ ಅಳಿಯನ ಮಾತು ಎತ್ತುವುದನ್ನು ಬಿಟ್ಟು, ನಿನ್ನ ಅಣ್ಣ ಬಂದನೇನೇ ಎಂದು ಕೇಳತೊಡಗಿದಳು. ಅಣ್ಣನಿಗೆ ಬಡಿಸು ಎಂದು ಅಮ್ಮ ಕೂಗಿದರೆ ಹುಡುಗಿ ಬಡಿಸುತ್ತಿದ್ದಳು. ಕೈ ತನ್ನ ಪಾಡಿಗೆ ತಾನು ಬಡಿಸುತ್ತಿತ್ತು. ಲ್ಯಾಬಿನಲ್ಲೂ ಹಾಗೆಯೇ, ದವಡೆಯ ಮೇಲೆ ದವಡೆ. ಒಂದು ದಿನ ಮೇಣ ಕೊರೆಯುವ ಕಾದ ಚೂರಿ ಬೆರಳಿಗೆ ತಾಗಿ ಬೊಬ್ಬೆ ಎದ್ದದ್ದು ಪಕ್ಕದವಳು ತೋರಿಸಿದ ಮೇಲೆಯೇ ಅವಳಿಗೆ ತಿಳಿದದ್ದು.

ಕೊನೆಗೊಂದು ಮಧ್ಯಾಹ್ನ ಗಾಜಿನ ಅಂಗಡಿಗೇ ಹೋದಳು. ಏಣಿ ಕಂಬಳಿ ಹಾಸಿದ ಮೇಜಿನ ಮೇಲೆ ಗಾಜು ಕೊಯ್ಯುತ್ತಿದ್ದ.

"ಅಮ್ಮನಿಗೆ ಹೇಳು," ಎಂದಳು. "ಇಲ್ಲ ನಾನು ಹೇಳ್ತೀನಿ."

"ಹೇಳಿದ್ರೆ ಅವರಿಗೆ ಮಗ ಇನ್ನೊಂದ್ಸಲ ಹೋದ ಹಾಗೆ."

"ನಂದು?"

ಅವನು ಗಾಜಿನ ಪುಡಿಯನ್ನು ಅಂಗೈಯಿಂದಲೇ ಸರಿಸಿದ. ಹಾಗೆ ಮಾಡಬಾರದೆಂದು ಎಲ್ಲರಿಗೂ ಹೇಳುವವನು ಅವನೇ.

"ನನ್ನನ್ನ ಯಾರೂ ಹಾಗೆ ಕರೆದಿರ್ಲಿಲ್ಲ ಕಣೇ," ಎಂದ. "ಮಗನೇ ಅಂತ."

ಅವಳಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನದು ಸುಳ್ಳಾಗಿದ್ದರೆ ಜಗಳ ಆಡಬಹುದಿತ್ತು.

ಆದರೂ ಅದೇ ವಾರ ಅಮ್ಮನ ಮುಂದೆ ಬಾಯಿ ಬಿಟ್ಟಳು. ಅಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದಳು. ಮಗಳು ಹೇಳಿ ಮುಗಿಸುವ ತನಕ ಮಡಿಸುತ್ತಲೇ ಇದ್ದಳು.

"ನನಗೆ ಗೊತ್ತಿಲ್ವೇನೇ," ಎಂದಳು. "ಅವನು ಬದುಕಿದ್ದಾಗ್ಲೇ ಗೊತ್ತಿತ್ತು. ನಾನೂ ಕಾಯ್ತಿದ್ದೆ, ಬಂದು ಹೇಳ್ತಾರೆ ಅಂತ." ಮಡಿಸಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದಳು. "ಅಳಿಯ ಎಲ್ಲಾದ್ರೂ ಸಿಗ್ತಾನೆ ತಾಯಿ. ಮಗನ್ನ ನಾನು ಎಲ್ಲಿಂದ ತರ್ಲಿ? ಇವನನ್ನ ನನಗೆ ಬಿಟ್ಟುಬಿಡು."

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದಳು. ತಾಯಿ ಬೇಡುತ್ತಿದ್ದಳು. ಹುಡುಗಿ ಕೆಳಗೆ ಕುಳಿತು ಉಳಿದ ಬಟ್ಟೆಗಳನ್ನು ಮಡಿಸಿದಳು.

ಅವಳ ಲ್ಯಾಬಿನವರಿಗೆ ದೂರದ ಊರಲ್ಲಿ ಇನ್ನೊಂದು ಶಾಖೆ ಇತ್ತು. ಅಲ್ಲಿಗೆ ಹೋಗಲು ಯಾರೂ ಒಪ್ಪುತ್ತಿರಲಿಲ್ಲ, ಅವಳು ಒಪ್ಪಿದಳು. ತನ್ನ ಇಪ್ಪತ್ಮೂರು ವರ್ಷದ ಬದುಕನ್ನು ಒಂದು ಸೂಟ್‌ಕೇಸಿಗೆ ತುಂಬಿದಳು. ಅದು ಸುಲಭವಾಗಿಯೇ ಮುಚ್ಚಿಕೊಂಡಿತು. ಅಮ್ಮ ಅತ್ತಳು, ತಡೆಯಲಿಲ್ಲ. ತಂಗಿಯನ್ನು ಬಸ್ಸು ಹತ್ತಿಸಿ ಬಾ ಎಂದು ಏಣಿಗೆ ಹೇಳಿದಳು. ಅವನು ಎದ್ದು ಸೂಟ್‌ಕೇಸಿನ ಹಿಡಿಗೆ ಕೈ ಹಾಕಿದ.

"ಬೇಡ," ಎಂದಳು. "ನೀನು ಬಂದ್ರೆ ಅಮ್ಮ ಒಬ್ಬಳೇ ಆಗ್ತಾಳೆ."

ಅವನು ಕೈ ತೆಗೆಯಲಿಲ್ಲ. ಅವಳು ಕಾದಳು. ಅವನು ಏನಾದರೂ ಹೇಳಲಿ ಎಂದು ಕಾದದ್ದಲ್ಲ, ಕೈ ತೆಗೆಯಲಿ ಎಂದು. ತೆಗೆದ. ಚಪ್ಪಲಿ ಮೆಟ್ಟಿ, ಸೂಟ್‌ಕೇಸು ಎತ್ತಿಕೊಂಡು ಅವಳು ಹೊರಗೆ ಬಂದಳು. ಬಾಗಿಲನ್ನು ಅಮ್ಮನಿಗೆ ಗಾಳಿ ಬರಲಿ ಎಂದು ಅರ್ಧ ತೆರೆದೇ ಬಿಟ್ಟು ಮೆಟ್ಟಿಲಿಳಿದಳು. ಬೀದಿಯಲ್ಲಿ ಎಂದಿನ ಬಿಸಿಲಿತ್ತು. ಸೂಟ್‌ಕೇಸು ಎಷ್ಟು ಭಾರವಿದೆ ಎಂದು ನೋಡಲು ಒಮ್ಮೆ ಕೈ ಬದಲಿಸಿದಳು. ಅಷ್ಟೇನೂ ಇರಲಿಲ್ಲ. ನಡೆದಳು.